ಟೆಂಪರೇಚರ್ ಮುಳ್ಳು ತಪ್ಪು ತೋರಿಸುತ್ತಿದೆಯೋ, ಇಂಜಿನ್ ನಿಜವಾಗಿಯೂ ಕಾಯುತ್ತಿದೆಯೋ? ಕಾರಿನ ಟೆಂಪರೇಚರ್ ಗೇಜ್ ದೋಷ ಪತ್ತೆ ಹಚ್ಚುವ ಕ್ರಮ

ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಎಂದಿನ ಜಾಗ ಬಿಟ್ಟು ಕದಲಿದರೆ ಕಾರಣ ಎರಡರಲ್ಲಿ ಒಂದು. ಇಂಜಿನ್ನಿನ ಬಿಸಿಯೇ ಹೆಚ್ಚು ಕಡಿಮೆ ಆಗಿರಬೇಕು, ಇಲ್ಲವೇ ಅದನ್ನು ಅಳೆದು ತೋರಿಸುವ ಸೆನ್ಸರ್, ವೈರು, ಮೀಟರ್‌ಗಳಲ್ಲಿ ಯಾವುದೋ ಕೆಟ್ಟಿರಬೇಕು. ಸೆನ್ಸರ್ ಅಥವಾ ವೈರಿನ ದೋಷವಾದರೆ ಸಾಮಾನ್ಯವಾಗಿ ನೂರುಗಳ ಲೆಕ್ಕದಲ್ಲಿ ಮುಗಿಯುವ ಕೆಲಸ. ಆದರೆ ಇಂಜಿನ್ ನಿಜವಾಗಿಯೂ ಕಾಯುತ್ತಿರುವಾಗ "ಸೆನ್ಸರ್ ಹೋಗಿರಬೇಕು ಬಿಡಿ" ಎಂದು ಓಡಿಸಿದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಹೋಗುತ್ತದೆ, ಅಲ್ಯೂಮಿನಿಯಂ ಹೆಡ್ ಬೆಂಡಾಗುತ್ತದೆ, ಇಂಜಿನ್ ಸೀಜ್ ಆಗುವುದೂ ಉಂಟು. ಆದ್ದರಿಂದ ಮುಂದಿನ ಎಲ್ಲ ಪರೀಕ್ಷೆಗಳಿಗೂ ಒಂದೇ ನಿಯಮ: ಮುಳ್ಳು ತಪ್ಪೆಂದು ಖಚಿತವಾಗುವವರೆಗೆ ಅದು ಹೇಳುತ್ತಿರುವುದು ನಿಜವೆಂದೇ ನಡೆದುಕೊಳ್ಳಿ.

ಬಾನೆಟ್ ಎತ್ತುವ ಮುನ್ನ

ಇಂಜಿನ್ ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ. ಕ್ಯಾಪಿನೊಳಗಿನ ಸ್ಪ್ರಿಂಗ್ ಸುಮಾರು 0.9ರಿಂದ 1.1 ಬಾರ್ ಒತ್ತಡವನ್ನು ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಕೂಲೆಂಟ್ (ಇಂಜಿನ್ ತಣಿಸುವ ದ್ರವ) 110 ಡಿಗ್ರಿ ಸೆಲ್ಸಿಯಸ್ ತಲುಪಿದರೂ ಕುದಿಯದು. ಕ್ಯಾಪ್ ತಿರುವಿದ ಕ್ಷಣ ಒತ್ತಡ ಇಳಿಯುತ್ತದೆ, ಅಷ್ಟೂ ದ್ರವ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಇಂಜಿನ್ ಆಫ್ ಮಾಡಿ ಕನಿಷ್ಠ 45 ನಿಮಿಷ ಬಿಡಿ. ಆಮೇಲೆ ರೇಡಿಯೇಟರಿನ ಮೇಲಿನ ದಪ್ಪ ಹೋಸ್ ಪೈಪನ್ನು ಬಟ್ಟೆ ಹಿಡಿದು ಹಿಂಡಿ ನೋಡಿ. ಗಟ್ಟಿಯಾಗಿ ಉಬ್ಬಿಕೊಂಡಿದ್ದರೆ ಒಳಗೆ ಇನ್ನೂ ಒತ್ತಡವಿದೆ ಎಂದರ್ಥ. ಮೆತ್ತಗಾಗಿದ್ದರೆ ಮಾತ್ರ ಕ್ಯಾಪಿನ ಮೇಲೆ ದಪ್ಪ ಬಟ್ಟೆ ಹಾಕಿ, ಮುಖ ದೂರವಿಟ್ಟು, ಮೊದಲು ಕಾಲು ಸುತ್ತು ತಿರುವಿ, ಉಸಿರೆಲ್ಲ ಹೋದ ಮೇಲೆ ಪೂರ್ತಿ ತೆಗೆಯಿರಿ.

ರೇಡಿಯೇಟರ್ ಫ್ಯಾನ್ ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ತಾನಾಗಿ ತಿರುಗುತ್ತದೆ. ಸೀರೆ ಸೆರಗು, ದುಪಟ್ಟಾ, ಸಡಿಲ ತೋಳು, ಕೊರಳ ಸರ ಯಾವುದೂ ಅದರ ಹತ್ತಿರ ಸುಳಿಯಬಾರದು. ಕಾದ ಇಂಜಿನ್ನಿಗೆ ತಣ್ಣೀರು ಸುರಿಯುವುದೂ ಬೇಡ, ಹೆಡ್ ಬಿರುಕು ಬಿಡುತ್ತದೆ. ಚೆಲ್ಲಿದ ಕೂಲೆಂಟನ್ನು ನೆಲದಲ್ಲಿ ಹಾಗೇ ಬಿಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿ ಮಾತ್ರ ಸಿಹಿ. ನಾಯಿ, ಬೆಕ್ಕು, ಕರು ನೆಕ್ಕಿದರೆ ಸಾಯುತ್ತವೆ. ಮಣ್ಣು ಅಥವಾ ಮರದ ಪುಡಿ ಹಾಕಿ ಹೀರಿಸಿ ತೆಗೆದು, ಮೇಲೆ ನೀರು ಹಾಕಿ ತೊಳೆಯಿರಿ.

ನಿಮ್ಮ ಕಾರಿನಲ್ಲಿ ಯಾವ ವ್ಯವಸ್ಥೆ ಇದೆ

ಇದು ಗೊತ್ತಿಲ್ಲದೆ ಮುಂದಿನ ಪರೀಕ್ಷೆ ಮಾಡಿದರೆ ದಾರಿ ತಪ್ಪುತ್ತದೆ.

ಮಾರುತಿ 800 ಕಾಲದ ಹಳೆಯ ಕಾರುಗಳಲ್ಲಿ ಒಂದೇ ವೈರಿನ ಸೆನ್ಸರ್ ಇರುತ್ತದೆ. ವೈರು ನೇರ ಮೀಟರಿಗೆ ಹೋಗುತ್ತದೆ. ಅರ್ತಿಂಗ್ ಸಿಗುವುದು ಸೆನ್ಸರಿನ ಮರೆಯ (ತಿರುಪಿನ ಸುತ್ತುಗೆರೆ, ಥ್ರೆಡ್) ಮೂಲಕ ಇಂಜಿನ್ ಬ್ಲಾಕಿನಿಂದ. ಎರಡನೆಯ ಬಗೆಯಲ್ಲಿ ಇಂಜಿನ್ ಕಂಪ್ಯೂಟರಿಗೊಂದು, ಮೀಟರಿಗೊಂದು ಎಂದು ಎರಡು ಬೇರೆ ಸೆನ್ಸರ್‌ಗಳು. 2000ದ ಆಸುಪಾಸಿನ ಹಲವು ಕಾರುಗಳು ಹೀಗಿವೆ. ಈಗಿನ ಕಾರುಗಳಲ್ಲಿ ಎರಡು ವೈರಿನ ಒಂದೇ ಸೆನ್ಸರ್ ಇಸಿಯುಗೆ (ಇಂಜಿನ್ ಕಂಪ್ಯೂಟರಿಗೆ) ಸುದ್ದಿ ಕೊಡುತ್ತದೆ, ಇಸಿಯು ಅದನ್ನು ಡೇಟಾ ಲೈನಿನಲ್ಲಿ ಮೀಟರಿಗೆ ಕಳಿಸುತ್ತದೆ. ಅಂದರೆ ಮುಳ್ಳು ತೋರಿಸುವುದು ಸೆನ್ಸರಿನ ಮಾತನ್ನಲ್ಲ, ಇಸಿಯು ಕಳಿಸಿದ ಮಾತನ್ನು.

ಈ ಮೂರನೆಯ ಬಗೆಯಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಮುಳ್ಳು ಸುಮ್ಮನೆ ಅಲುಗಾಡಿ ಜನ ಗಾಬರಿಯಾಗದಿರಲೆಂದು, ಕೂಲೆಂಟ್ ಸರಿಸುಮಾರು 75ರಿಂದ 105 ಡಿಗ್ರಿ ನಡುವೆ ಎಲ್ಲಿದ್ದರೂ ಮುಳ್ಳನ್ನು ನಟ್ಟನಡುವೆ ನಿಲ್ಲಿಸಿರುತ್ತಾರೆ. ಹಾಗಾಗಿ ಇಂಥ ಕಾರಿನಲ್ಲಿ ಮುಳ್ಳು ನಡುವಿನಿಂದ ಎರಡು ಗೆರೆ ಮೇಲೆ ಹೋಯಿತೆಂದರೆ ಅದು "ಸ್ವಲ್ಪ ಬಿಸಿ" ಅಲ್ಲ, ಬಿಸಿ ಆಗಲೇ ಮಿತಿ ದಾಟಿದೆ. ಹಳೆಯ ಕಾರಿನ ಮುಳ್ಳು ಹೀಗಲ್ಲ, ಬಿಸಿಯ ಜೊತೆಗೇ ಮೇಲೆ ಕೆಳಗೆ ಆಡುತ್ತದೆ. ಘಾಟಿ ಹತ್ತುವಾಗ ಒಂದಿಷ್ಟು ಏರಿ ಇಳಿಯುವುದು ಅದರ ಸಹಜ ನಡೆ.

ಲಕ್ಷಣ ಯಾವುದೇ ಇರಲಿ, ಕಾಸಿಲ್ಲದೆ ಮೊದಲು ಮಾಡಬೇಕಾದ್ದು

ಬೆಳಿಗ್ಗೆ, ರಾತ್ರಿಯಿಡೀ ನಿಂತು ತಣ್ಣಗಾದ ಕಾರಿನಲ್ಲಿ ಶುರು ಮಾಡಿ.

ಮೊದಲು ಕೂಲೆಂಟ್ ಮಟ್ಟ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೆಳಗೆರೆ, ಮೇಲ್ಗೆರೆಗಳ ನಡುವೆ ಇರಬೇಕು. ರೇಡಿಯೇಟರಿಗೇ ಕ್ಯಾಪ್ ಇರುವ ಕಾರಾದರೆ ಅದನ್ನೂ ತೆಗೆದು ನೋಡಿ, ಬಾಯಿಮಟ್ಟ ತುಂಬಿರಬೇಕು. ಡಬ್ಬಿಯಲ್ಲಿ ನೀರು ಕಾಣುತ್ತದೆ, ರೇಡಿಯೇಟರ್ ಮಾತ್ರ ಅರ್ಧ ಖಾಲಿ, ಇದು ಮತ್ತೆ ಮತ್ತೆ ಸಿಗುವ ಸ್ಥಿತಿ. ಕ್ಯಾಪಿನ ಒಳವಾಲ್ವ್ ಕೆಟ್ಟರೆ ಅಥವಾ ಡಬ್ಬಿಯ ಸಣ್ಣ ಪೈಪ್ ಸೀಳಿದರೆ ಹೀಗಾಗುತ್ತದೆ. ಕೂಲೆಂಟ್ ಕಡಿಮೆ ಇದ್ದಾಗ ಮುಳ್ಳಿನ ಯಾವ ಮಾತನ್ನೂ ನಂಬುವಂತಿಲ್ಲ. ನೀರಿಲ್ಲದ ಪಾತ್ರೆಯಲ್ಲಿ ಥರ್ಮಾಮೀಟರ್ ಇಳಿಬಿಟ್ಟಂತೆ, ಸೆನ್ಸರಿನ ತುದಿ ಗಾಳಿಯನ್ನು ಅಳೆಯುತ್ತಿರುತ್ತದೆ. ಮಟ್ಟ ಸರಿಮಾಡಿ, ಸೋರಿಕೆ ಎಲ್ಲಿದೆ ಎಂದು ಹುಡುಕಿದ ಮೇಲಷ್ಟೇ ಮುಂದಿನ ಹೆಜ್ಜೆ.

ಎರಡನೆಯದು, ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್. ಮುಳ್ಳು 'ಸಿ' (ಕೋಲ್ಡ್, ತಣ್ಣಗಿನ ತುದಿ) ಹತ್ತಿರವೇ ಇರಬೇಕು. ಕೆಲವು ಕಾರುಗಳಲ್ಲಿ ಎಲ್ಲ ಮುಳ್ಳುಗಳೂ ಒಮ್ಮೆ ತುದಿಗೆ ಹೋಗಿ ವಾಪಸ್ ಬರುತ್ತವೆ. ಟೆಂಪರೇಚರ್ ಮುಳ್ಳೂ ಅವುಗಳ ಜೊತೆ ಓಡಾಡಿದರೆ ಮೀಟರಿನ ಮೋಟರ್ ಚೆನ್ನಾಗಿದೆ ಎಂದು ಇಷ್ಟರಲ್ಲೇ ಗೊತ್ತಾಯಿತು.

ಮೂರನೆಯದು ಹೀಟರ್. ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ಟು, ಎಸಿ ಆಫ್ ಇಟ್ಟು ನಾಬನ್ನು ಪೂರ್ತಿ ಕೆಂಪಿಗೆ ತಿರುಗಿಸಿ. ನಮ್ಮೂರುಗಳಲ್ಲಿ ಹೀಟರ್ ಯಾರೂ ಹಾಕುವುದಿಲ್ಲ, ಆದರೆ ಇದಕ್ಕಿಂತ ಒಳ್ಳೆಯ ಪುಕ್ಕಟೆ ಪರೀಕ್ಷೆ ಇನ್ನೊಂದಿಲ್ಲ. ಮುಳ್ಳು 'ಸಿ'ಯಲ್ಲೇ ಇದ್ದು ಗಾಳಿ ಸುಡುವಷ್ಟು ಬಿಸಿ ಬಂದರೆ ತಪ್ಪು ಮುಳ್ಳಿನ ಕಡೆ. ಮುಳ್ಳು ನಡುವಿಗಿಂತ ಮೇಲಿದ್ದು ಗಾಳಿ ತಣ್ಣಗೆ ಬಂದರೆ ಕೂಲೆಂಟ್ ಓಡಾಡುತ್ತಿಲ್ಲ. ತಕ್ಷಣ ಇಂಜಿನ್ ಆಫ್ ಮಾಡಿ.

ನಾಲ್ಕನೆಯದು ಫ್ಯಾನ್. ಎಸಿ ಆನ್ ಮಾಡಿದರೆ ಹೆಚ್ಚಿನ ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ತಿರುಗಬೇಕು. ತಿರುಗಿದರೆ ಮೋಟರ್ ಬದುಕಿದೆ. ಬೊಲೆರೊ, ಹಳೆಯ ಸುಮೊ ತರಹದ ಗಾಡಿಗಳಲ್ಲಿ ಫ್ಯಾನ್ ಇಂಜಿನ್ನಿನ ಜೊತೆಗೇ ತಿರುಗುವುದರಿಂದ ಈ ಪರೀಕ್ಷೆ ಅವಕ್ಕಲ್ಲ.

ಕೊನೆಗೆ ಸೆನ್ಸರಿನ ಕನೆಕ್ಟರ್. ಸೆನ್ಸರ್ ಸಾಮಾನ್ಯವಾಗಿ ಹೆಡ್ಡಿನಲ್ಲಿ, ಥರ್ಮೋಸ್ಟಾಟ್ ವಾಲ್ವ್ (ಇಂಜಿನ್ ಬಿಸಿಯಾದ ಮೇಲೆ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಹರಿಯಬಿಡುವ ಬಾಗಿಲು) ಕೂತಿರುವ ಹೌಸಿಂಗ್ ಹತ್ತಿರ ಇರುತ್ತದೆ. ಬೆರಳುಗಾತ್ರದ ಹಿತ್ತಾಳೆ ತುಂಡು, ತಲೆಯ ಮೇಲೆ ಪ್ಲಾಸ್ಟಿಕ್ ಟೋಪಿ. ಲಾಕನ್ನು ಒತ್ತಿ ಹಿಡಿದು ಟೋಪಿಯನ್ನು ಎಳೆಯಿರಿ, ವೈರು ಹಿಡಿದು ಎಳೆಯಬೇಡಿ. ಒಳಗೆ ಟಾರ್ಚ್ ಬಿಟ್ಟು ನೋಡಿ. ಪಿನ್ನುಗಳು ಹೊಳೆಯಬೇಕು, ಹಸಿರು ಕಿಲುಬು ಕಂಡರೆ ನೀರು ಹೊಕ್ಕಿದೆ, ಗುಲಾಬಿಯೋ ಹಸಿರೋ ಜಿಗುಟು ಕಂಡರೆ ಸೆನ್ಸರಿನೊಳಗಿಂದಲೇ ಕೂಲೆಂಟ್ ಒಸರುತ್ತಿದೆ. ಎರಡನೆಯದಾದರೆ ಸೆನ್ಸರ್ ಬದಲಿಸಲೇಬೇಕು. ಕಿಲುಬಿಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಒಣಗಿಸಿ, ಕಟ್ ಎಂದು ಸದ್ದಾಗುವವರೆಗೆ ಒತ್ತಿ ಕೂರಿಸಿ. ಕನೆಕ್ಟರಿನಿಂದ ಒಂದು ಗೇಣು ದೂರದವರೆಗೆ ವೈರನ್ನು ಬೆರಳಲ್ಲಿ ಸವರಿ. ಬಿಸಿಗೆ ಗಟ್ಟಿಯಾಗಿ ಬಿರಿದಿದೆಯೇ, ಇಲಿ ಕಡಿದಿದೆಯೇ ಎಂದು ಕೈಗೇ ಗೊತ್ತಾಗುತ್ತದೆ. ಕಾರನ್ನು ವಾರಗಟ್ಟಲೆ ನಿಲ್ಲಿಸಿದ್ದರೆ, ಅದರಲ್ಲೂ ಮಳೆಗಾಲದಲ್ಲಿ, ಇಲಿಯ ಕಾಟವನ್ನೇ ಮೊದಲು ಶಂಕಿಸಿ.

ಲಕ್ಷಣ: ಮುಳ್ಳು 'ಸಿ' ಬಿಟ್ಟು ಏಳುವುದೇ ಇಲ್ಲ

ಹೀಟರ್ ಗಾಳಿ ಬಿಸಿ ಬರುತ್ತಿದೆ, ಮುಳ್ಳು ಮಾತ್ರ ಸತ್ತಂತೆ ಬಿದ್ದಿದೆ ಎಂದರೆ ಲೈನ್ ಎಲ್ಲೋ ಕಡಿದಿದೆ. ಸೆನ್ಸರಿನ ಗುಣ ಹೀಗೆ: ಬಿಸಿ ಹೆಚ್ಚಿದಂತೆ ಅದರ ರೆಸಿಸ್ಟೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಇಳಿಯುತ್ತದೆ. ವೈರು ತುಂಡಾದರೆ ರೆಸಿಸ್ಟೆನ್ಸ್ ಮಿತಿಯಿಲ್ಲದಷ್ಟು ಆಯಿತು, ಅಂದರೆ ಮೀಟರಿನ ಲೆಕ್ಕದಲ್ಲಿ ಭಾರಿ ಚಳಿ. ಕನೆಕ್ಟರ್ ಸಡಿಲ, ಕಡಿದ ವೈರು, ಒಳಗೇ ಓಪನ್ ಆದ ಸೆನ್ಸರ್, ಹಳೆಯ ಕಾರಾದರೆ ಮರೆಗೆ ವಿಪರೀತ ಟೆಫ್ಲಾನ್ ಟೇಪ್ ಸುತ್ತಿ ಅರ್ತಿಂಗ್ ತಪ್ಪಿಸಿದ್ದು, ಹೀಗೆ ಹುಡುಕುತ್ತಾ ಹೋಗಿ.

ಒಂದೇ ವೈರಿನ ಸೆನ್ಸರ್ ಇದ್ದರೆ ಸುಲಭದ ಪರೀಕ್ಷೆಯಿದೆ. ಕೀ ಆನ್ ಮಾಡಿ, ಸೆನ್ಸರಿನಿಂದ ವೈರು ಬಿಚ್ಚಿ, ಇಂಜಿನ್ನಿನ ಬರಿ ಲೋಹಕ್ಕೆ ಮುಟ್ಟಿಸಿ. ಇನ್ನೊಬ್ಬರು ಒಳಗೆ ಕೂತು ಮುಳ್ಳು ನೋಡಲಿ. 'ಎಚ್' (ಹಾಟ್, ಬಿಸಿಯ ತುದಿ) ಕಡೆಗೆ ಎದ್ದರೆ ಮೀಟರೂ ವೈರೂ ಸರಿ, ಸೆನ್ಸರ್ ಹೋಗಿದೆ. ಏಳದಿದ್ದರೆ ವೈರು ಅಥವಾ ಮೀಟರ್. ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಮುಟ್ಟಿಸಿ ಹಿಡಿಯಬೇಡಿ, ಮೀಟರಿನ ಸುರುಳಿ ಸುಡುತ್ತದೆ. ನಡುವೆ 10 ಓಮ್ ರೆಸಿಸ್ಟರ್ ಅಥವಾ ಪಾರ್ಕಿಂಗ್ ಲೈಟಿನ ಸಣ್ಣ ಬಲ್ಬ್ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಎರಡು ವೈರಿನ ಸೆನ್ಸರಿಗೆ ಈ ಪರೀಕ್ಷೆ ಮಾಡಬೇಡಿ. ಅದರ ಕ್ರಮ ಮುಂದೆ ಬರುತ್ತದೆ.

ಮುಳ್ಳೂ ಕೆಳಗಿದೆ, ಹೀಟರೂ ಬೆಚ್ಚಗಷ್ಟೇ ಇದೆ ಎಂದರೆ ಗೇಜ್ ನಿಜವನ್ನೇ ಹೇಳುತ್ತಿದೆ. ಆಗ ಥರ್ಮೋಸ್ಟಾಟ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆ, ಇಲ್ಲವೇ ಯಾರೋ ಅದನ್ನು ತೆಗೆದು ಎಸೆದಿದ್ದಾರೆ.

ಲಕ್ಷಣ: ಕೀ ಹಾಕಿದ ಕೂಡಲೇ ಮುಳ್ಳು 'ಎಚ್'ಗೆ

ರಾತ್ರಿಯಿಡೀ ನಿಂತ ಇಂಜಿನ್ ಕೀ ತಿರುವಿದ ಎರಡು ಸೆಕೆಂಡಿನಲ್ಲಿ ಕಾಯಲು ಸಾಧ್ಯವಿಲ್ಲ. ಇದೊಂದು ಲಕ್ಷಣಕ್ಕೆ ಮಾತ್ರ ಗೇಜಿನ ಕಡೆಯೇ ತಪ್ಪು ಎಂದು ಧೈರ್ಯವಾಗಿ ಹೇಳಬಹುದು. ವೈರಿನ ಸಿಪ್ಪೆ ಕಿತ್ತು ಬಾಡಿಗೆ ತಾಗಿದೆ, ಅಥವಾ ಸೆನ್ಸರ್ ಒಳಗೆ ಶಾರ್ಟ್ ಆಗಿದೆ. ಕನೆಕ್ಟರ್ ಬಿಚ್ಚಿ. ಮುಳ್ಳು ಕೆಳಗೆ ಬಿದ್ದರೆ ಸೆನ್ಸರ್ ದೋಷಿ. ಬಿಚ್ಚಿದರೂ 'ಎಚ್'ನಲ್ಲೇ ಇದ್ದರೆ ವೈರು ಅಥವಾ ಮೀಟರ್.

ಈಗಿನ ಕಾರಿನಲ್ಲಿ ಕನೆಕ್ಟರ್ ಬಿಚ್ಚಿದೊಡನೆ ರೇಡಿಯೇಟರ್ ಫ್ಯಾನ್ ಭರ್ರೆಂದು ಶುರುವಾದರೆ ಬೆಚ್ಚಬೇಡಿ. ಸೆನ್ಸರಿನ ಸುದ್ದಿ ನಿಂತರೆ ಇಂಜಿನ್ ಉಳಿಸಲು ಇಸಿಯು ಫ್ಯಾನನ್ನು ಸದಾ ಓಡಿಸುತ್ತದೆ. ಚೆಕ್ ಇಂಜಿನ್ ಲೈಟೂ ಹತ್ತುತ್ತದೆ. ಅದನ್ನು ಆಮೇಲೆ ಸ್ಕ್ಯಾನರಿನಲ್ಲಿ (ಇಸಿಯುವಿನ ದೋಷದ ಕೋಡ್ ಓದುವ ಸಾಧನ) ಅಳಿಸಬೇಕು.

ಆದರೆ ಬಿಸಿಲಲ್ಲಿ ಓಡಿಸಿ, ಹತ್ತು ನಿಮಿಷ ಕಾಫಿಗೆ ನಿಲ್ಲಿಸಿ, ಮತ್ತೆ ಕೀ ಹಾಕಿದಾಗ ಮುಳ್ಳು ಎಂದಿಗಿಂತ ತುಸು ಮೇಲಿದ್ದರೆ ಅದು ದೋಷವಲ್ಲ. ಪಂಪ್ ನಿಂತಾಗ ಬ್ಲಾಕಿನ ಬಿಸಿಯೆಲ್ಲ ನಿಂತ ಕೂಲೆಂಟಿಗೆ ಇಳಿಯುತ್ತದೆ. ಸ್ಟಾರ್ಟ್ ಆಗಿ ಒಂದೆರಡು ನಿಮಿಷದಲ್ಲಿ ತಾನಾಗಿ ಇಳಿಯಬೇಕು.

ಲಕ್ಷಣ: ಓಡಿಸುತ್ತಾ ಮುಳ್ಳು ಮೆಲ್ಲನೆ ಮೇಲೇರುತ್ತದೆ

ಇದು ಗೇಜ್ ದೋಷವಾಗಿರುವ ಸಂಭವ ಬಹಳ ಕಡಿಮೆ. ಕೆಟ್ಟ ಸೆನ್ಸರ್ ತಟ್ಟನೆ ಜಿಗಿಯುತ್ತದೆ, ಇಲ್ಲವೇ ಸತ್ತು ಬೀಳುತ್ತದೆ. ಹೊರೆ ಹೆಚ್ಚಿದಂತೆ ಹಂತ ಹಂತವಾಗಿ ಏರಿ, ಹೊರೆ ಇಳಿದಾಗ ಇಳಿಯುವುದು ನಿಜವಾದ ಬಿಸಿಯ ನಡೆ. ಶಿರಾಡಿ, ಚಾರ್ಮಾಡಿ ಹತ್ತುವಾಗ ಎಸಿ ಹಾಕಿಕೊಂಡು ಎರಡನೇ ಗೇರಿನಲ್ಲಿ ಲಾರಿಯ ಹಿಂದೆ ಸಿಕ್ಕಿಬಿದ್ದಾಗಲೇ ಮುಳ್ಳು ಏರುತ್ತದೆ ಎಂದರೆ ರೇಡಿಯೇಟರ್, ಫ್ಯಾನ್, ಕ್ಯಾಪ್, ವಾಟರ್ ಪಂಪ್ ಕಡೆ ನೋಡಿ.

ಏರುವ ಸಂದರ್ಭವೇ ಅರ್ಧ ಉತ್ತರ ಕೊಡುತ್ತದೆ. ಸಿಗ್ನಲಿನಲ್ಲಿ ನಿಂತಾಗ ಏರಿ, ಓಡುವಾಗ ಇಳಿದರೆ ಫ್ಯಾನ್ ಕೆಲಸ ಮಾಡುತ್ತಿಲ್ಲ: ಫ್ಯೂಸ್, ರಿಲೇ, ಮೋಟರ್ ಈ ಕ್ರಮದಲ್ಲಿ ನೋಡಿ. ಹೆಚ್ಚಿನ ಕಾರುಗಳಲ್ಲಿ ಫ್ಯಾನ್ 95ರಿಂದ 100 ಡಿಗ್ರಿ ಆಸುಪಾಸಿನಲ್ಲಿ ಶುರುವಾಗಬೇಕು. ಹೈವೇಯಲ್ಲಿ ವೇಗವಾಗಿ ಹೋದಷ್ಟೂ ಏರಿದರೆ ರೇಡಿಯೇಟರ್ ಕಟ್ಟಿಕೊಂಡಿದೆ, ಇಲ್ಲವೇ ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲ. ಮೇಲಿನ ಹೋಸ್ ಕೈ ಇಡಲಾರದಷ್ಟು ಬಿಸಿ, ಕೆಳಗಿನದು ತಣ್ಣಗೆ ಎಂದರೆ ಥರ್ಮೋಸ್ಟಾಟ್ ಮುಚ್ಚಿಯೇ ಸಿಕ್ಕಿಕೊಂಡಿರುವುದು, ಪಂಪ್ ನಿಂತಿರುವುದು ಅಥವಾ ರೇಡಿಯೇಟರ್ ಒಳಗೆ ಕಟ್ಟಿರುವುದು, ಮೂರರಲ್ಲಿ ಒಂದು. ಹೋಸ್ ಮುಟ್ಟುವಾಗ ಇಂಜಿನ್ ಆಫ್ ಇರಲಿ.

ಕ್ಯಾಪನ್ನು ಎಲ್ಲರೂ ಮರೆಯುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಬರೀ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಮೊದಲು. ಒತ್ತಡ ಹಿಡಿಯದ ಕ್ಯಾಪ್, ಕೂಲೆಂಟ್ ಬದಲು ಬರೀ ನೀರು, ಇವೆರಡೂ ಸೇರಿದರೆ ಫ್ಯಾನ್ ಶುರುವಾಗುವ ಬಿಸಿಗೇ ನೀರು ಕುದಿಯಲು ತೊಡಗಿರುತ್ತದೆ. ಕ್ಯಾಪಿನ ರಬ್ಬರ್ ವಾಷರ್ ಬಿರಿದಿದ್ದರೆ ಅದೇ ಅಂಕಿ ನಮೂದಾದ ಹೊಸದನ್ನು ಹಾಕಿ. ಹೆಚ್ಚು ಒತ್ತಡದ ಕ್ಯಾಪ್ ಹಾಕಿದರೆ ಒಳ್ಳೆಯದು ಎಂಬ ಮಾತು ಕೇಳಬೇಡಿ, ಹಳೆಯ ಹೋಸ್ ಒಡೆಯುತ್ತದೆ.

ಲಕ್ಷಣ: ಏರುತ್ತಿದ್ದ ಮುಳ್ಳು ತಟ್ಟನೆ 'ಸಿ'ಗೆ ಬಿತ್ತು

ಎಲ್ಲಕ್ಕಿಂತ ಅಪಾಯದ ಲಕ್ಷಣ ಇದು. ನೋಡಿದವರಿಗೆ "ಸದ್ಯ, ತಣ್ಣಗಾಯಿತು" ಅನ್ನಿಸುತ್ತದೆ. ಆಗಿರುವುದು ಬೇರೆ: ಹೋಸ್ ಒಡೆದೋ ಪಂಪ್ ಸೋರಿಯೋ ಕೂಲೆಂಟ್ ಖಾಲಿಯಾಗಿ ಸೆನ್ಸರಿನ ತುದಿ ದ್ರವದಿಂದ ಹೊರಬಿದ್ದಿದೆ. ಲೋಹ ಕಾಯುತ್ತಲೇ ಇದೆ, ಅಳೆಯಲು ದ್ರವ ಉಳಿದಿಲ್ಲ. ಇಂಥ ಹೊತ್ತಿನಲ್ಲಿ ಸಿಹಿಯಾದ ಕಮಟು ವಾಸನೆ, ಹಬೆ, ಎಳೆತ ಕಡಿಮೆಯಾಗುವುದು, ಇಂಜಿನ್ ಟಕಟಕ ಎನ್ನುವುದು ಇವುಗಳಲ್ಲಿ ಒಂದಾದರೂ ಇರುತ್ತದೆ. ಗಾಡಿ ಬದಿಗೆ ಹಾಕಿ ಆಫ್ ಮಾಡಿ, ಮುಂದಿನ ಪೆಟ್ರೋಲ್ ಬಂಕ್‌ವರೆಗೂ ಓಡಿಸಬೇಡಿ. ತಣ್ಣಗಾದ ಮೇಲೆ ಮಟ್ಟ ನೋಡಿ, ಖಾಲಿ ಇದ್ದರೆ ಟೋ ಮಾಡಿಸಿ.

ಲಕ್ಷಣ: ಹೈವೇಯಲ್ಲಿ ಮುಳ್ಳು ಇಳಿಯುತ್ತದೆ, ಊರೊಳಗೆ ಸರಿಯಾಗುತ್ತದೆ

ಥರ್ಮೋಸ್ಟಾಟ್ ತೆರೆದೇ ಉಳಿದಿದೆ. ಅದು 82 ಅಥವಾ 88 ಡಿಗ್ರಿಯಲ್ಲಿ ತೆರೆಯತೊಡಗಬೇಕು, ಅಲ್ಲಿಯವರೆಗೆ ಮುಚ್ಚಿರಬೇಕು. ತೆರೆದೇ ಇದ್ದರೆ ಎದುರುಗಾಳಿಗೆ ಇಂಜಿನ್ ವಿಪರೀತ ತಣ್ಣಗಾಗುತ್ತದೆ. ಇಸಿಯು ತಣ್ಣಗಿನ ಇಂಜಿನ್ ಎಂದು ಪೆಟ್ರೋಲ್ ಹೆಚ್ಚು ಸುರಿಯುತ್ತದೆ, ಮೈಲೇಜ್ ಬೀಳುತ್ತದೆ. ಸ್ಕ್ಯಾನರಿನಲ್ಲಿ ಪಿ0128 ಕೋಡ್ ಬಂದರೆ ಇದೇ. ಬಿಚ್ಚಿದ ವಾಲ್ವನ್ನು ದಾರ ಕಟ್ಟಿ ಬಿಸಿನೀರಿನ ಪಾತ್ರೆಯಲ್ಲಿ, ತಳ ಮುಟ್ಟದಂತೆ ಇಳಿಬಿಟ್ಟು ಪರೀಕ್ಷಿಸಬಹುದು. ತಣ್ಣಗಿರುವಾಗಲೇ ಬೆಳಕು ಕಂಡರೆ ಅದು ಹೋಗಿದೆ. ಅದನ್ನು ತೆಗೆದುಹಾಕಿ ಓಡಿಸುವ ರೂಢಿ ಹಳೆಯ ಗ್ಯಾರೇಜುಗಳಲ್ಲಿದೆ. ತಪ್ಪು ಸಲಹೆ. ಇಂಜಿನ್ ಕೆಲಸದ ಬಿಸಿಗೆ ಬರುವುದೇ ಇಲ್ಲ, ಸವೆತ ಹೆಚ್ಚುತ್ತದೆ.

ಲಕ್ಷಣ: ಮುಳ್ಳು ಕುಣಿಯುತ್ತದೆ

ಎರಡು ಬಗೆಯ ಕುಣಿತವಿದೆ, ಬೇರೆ ಮಾಡಿ ನೋಡಬೇಕು. ಗುಂಡಿಗೆ ಇಳಿದಾಗ, ಹಂಪ್ ದಾಟಿದಾಗ ತಟ್ಟನೆ ಏರಿ ಬಿದ್ದರೆ ವಿದ್ಯುತ್ತಿನ ದೋಷ: ಸಡಿಲ ಪಿನ್, ಅರೆ ಕಡಿದ ವೈರು. ಇಂಜಿನ್ ಐಡ್ಲಿಂಗಿನಲ್ಲಿ ಇರುವಾಗ ಫ್ಯಾನಿಗೂ ಬೆಲ್ಟಿಗೂ ದೂರವಿದ್ದು ವೈರನ್ನು ಮೆಲ್ಲನೆ ಅಲುಗಿಸಿ. ಮುಳ್ಳು ಹಾರಿದ ಜಾಗದಲ್ಲೇ ದೋಷ. ಸ್ಕ್ಯಾನರಿನಲ್ಲಿ ಪಿ0119 ಬರುವುದು ಇದಕ್ಕೇ.

ರಸ್ತೆಗೆ ಸಂಬಂಧವಿಲ್ಲದೆ ಕೆಲವು ನಿಮಿಷಕ್ಕೊಮ್ಮೆ ಏರಿ ಇಳಿದು, ಅದರ ಜೊತೆ ಹೀಟರ್ ಗಾಳಿಯೂ ಬಿಸಿ ತಣ್ಣಗೆ ಆಗುತ್ತಿದ್ದರೆ ಒಳಗೆ ಗಾಳಿ ಸೇರಿದೆ. ಇತ್ತೀಚೆಗೆ ಕೂಲೆಂಟ್ ಬದಲಿಸಿದ್ದರೆ ಏರ್ ಲಾಕ್ ತೆಗೆದಿಲ್ಲ. ಯಾರೂ ಮುಟ್ಟಿಲ್ಲ, ಆದರೂ ಗಾಳಿ ಸೇರುತ್ತಿದೆ, ಕೂಲೆಂಟ್ ಡಬ್ಬಿಯಲ್ಲಿ ನಿಲ್ಲದೆ ಗುಳ್ಳೆ ಏಳುತ್ತದೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆ, ಆಯಿಲ್ ಹಾಲು ಬೆರೆತ ಬಣ್ಣ: ಇವು ಹೆಡ್ ಗ್ಯಾಸ್ಕೆಟ್ ಹೋದ ಗುರುತುಗಳು. ಇಲ್ಲಿಗೆ ಮನೆಯ ಪರೀಕ್ಷೆ ಮುಗಿಯಿತು, ಗಾಡಿ ಗ್ಯಾರೇಜಿಗೆ.

ಲಕ್ಷಣ: ಪೆಟ್ರೋಲ್ ಮುಳ್ಳೂ ಜೊತೆಗೇ ತಪ್ಪಾಗಿದೆ

ಎರಡು ಸೆನ್ಸರ್ ಒಂದೇ ದಿನ ಕೆಡುವುದು ಅಪರೂಪ. ಎರಡಕ್ಕೂ ಸೇರಿದ್ದನ್ನು ಹುಡುಕಿ: ಮೀಟರಿನ ಫ್ಯೂಸ್, ಮೀಟರಿನ ಹಿಂದಿನ ಅರ್ತಿಂಗ್, ಹಳೆಯ ಕಾರಾದರೆ ಮೀಟರುಗಳಿಗೆ ಸ್ಥಿರ ವೋಲ್ಟೇಜ್ ಕೊಡುವ ಪುಟ್ಟ ರೆಗ್ಯುಲೇಟರ್. ಹೆಡ್‌ಲೈಟ್ ಹಾಕಿದಾಗ ಮುಳ್ಳುಗಳು ಸರಿದರೆ ಅರ್ತಿಂಗೇ ದೋಷಿ. ಇಂಜಿನ್ನಿಗೂ ಬಾಡಿಗೂ ನಡುವಿನ ಹೆಣೆದ ಅರ್ತಿಂಗ್ ಪಟ್ಟಿ ತುಕ್ಕು ಹಿಡಿದಿದೆಯೇ ನೋಡಿ, ಬಿಚ್ಚಿ ಉಜ್ಜಿ ಬಿಗಿ ಮಾಡಿ.

ಮುಳ್ಳೇ ಇಲ್ಲದ ಕಾರುಗಳು

ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಿ ನೀಲಿ, ಕೆಂಪು ದೀಪ ಮಾತ್ರ. ನೀಲಿ ಎಂದರೆ ಇನ್ನೂ ತಣ್ಣಗಿದೆ, ಕೆಲವು ನಿಮಿಷದಲ್ಲಿ ಆರಬೇಕು. ಆರದೇ ಇದ್ದರೆ ಥರ್ಮೋಸ್ಟಾಟ್ ಅಥವಾ ಸೆನ್ಸರ್. ಕೆಂಪು ಬಂದರೆ ಪರೀಕ್ಷೆಗೆ ಸಮಯವಿಲ್ಲ, ನಿಲ್ಲಿಸಿ. ಕೀ ಆನ್ ಮಾಡಿದಾಗ ಕೆಂಪು ದೀಪ ಒಮ್ಮೆ ಬೆಳಗಿ ಆರುವುದು ದೀಪ ಸರಿಯಿದೆ ಎಂಬುದರ ಗುರುತು. ಹಾಗೆ ಬೆಳಗುತ್ತಿದ್ದದ್ದು ಬೆಳಗದೆ ಹೋದರೆ ಅದನ್ನೇ ಮೊದಲು ಸರಿಮಾಡಿಸಿ. ಈ ಕಾರುಗಳವರಿಗೆ ಮುಂದಿನ ಸ್ಕ್ಯಾನರ್ ನಿಜಕ್ಕೂ ಉಪಯೋಗ.

ಸ್ಕ್ಯಾನರ್ ಮತ್ತು ಮಲ್ಟಿಮೀಟರ್

ಸ್ಟೇರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಹಾಕುವ ಬ್ಲೂಟೂತ್ ಅಡಾಪ್ಟರ್ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೇ ಸಿಗುತ್ತದೆ. ಫೋನಿನ ಆ್ಯಪಿನಲ್ಲಿ ಕೂಲೆಂಟ್ ಟೆಂಪರೇಚರ್ ತೆರೆಯಿರಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕೂಲೆಂಟ್ ಬಿಸಿಯೂ ಒಳಬರುವ ಗಾಳಿಯ ಬಿಸಿಯೂ ನಾಲ್ಕೈದು ಡಿಗ್ರಿಯೊಳಗೆ ಹೊಂದಬೇಕು. ಗಾಳಿ 24 ತೋರಿಸಿ ಕೂಲೆಂಟ್ 50 ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಮೈನಸ್ 40 ಎಂದರೆ ಲೈನ್ ಕಡಿದಿದೆ, ಕೋಡ್ ಪಿ0118. ತಣ್ಣಗಿನ ಇಂಜಿನ್ನಿನಲ್ಲಿ 130 ದಾಟಿದ್ದರೆ ಶಾರ್ಟ್, ಕೋಡ್ ಪಿ0117. ಫೋನಿನಲ್ಲಿ 90 ಸರಿಯಾಗಿ ಬರುತ್ತಿದ್ದು ಮುಳ್ಳು ಮಾತ್ರ ತಪ್ಪಿದ್ದರೆ ಒಂದೇ ಸೆನ್ಸರಿನ ಕಾರಿನಲ್ಲಿ ತಪ್ಪು ಮೀಟರಿನದು ಅಥವಾ ಡೇಟಾ ಲೈನಿನದು. ಎರಡು ಸೆನ್ಸರಿನ ಕಾರಿನಲ್ಲಿ ಮೀಟರಿನ ಸೆನ್ಸರ್ ನೋಡಿ. ಅನುಮಾನ ಉಳಿದರೆ ಇನ್ಫ್ರಾರೆಡ್ ಥರ್ಮಾಮೀಟರ್ ಗನ್ನನ್ನು ಥರ್ಮೋಸ್ಟಾಟ್ ಹೌಸಿಂಗಿಗೆ ಹಿಡಿಯಿರಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ತೀರಾ ಕಡಿಮೆ ತೋರಿಸುತ್ತದೆ. ತಣ್ಣಗಿದ್ದಾಗಲೇ ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಅಳೆಯಿರಿ. ಕೂಲೆಂಟಿಗಿಂತ ಐದು ಹತ್ತು ಡಿಗ್ರಿ ಕಡಿಮೆ ಬಂದರೆ ಸರಿಯಾದ ಅಳತೆ.

ಎರಡು ವೈರಿನ ಸೆನ್ಸರಿಗೆ ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟು, ಕೀ ಆಫ್ ಮಾಡಿ, ಕನೆಕ್ಟರ್ ಬಿಚ್ಚಿ ಎರಡು ಪಿನ್ ನಡುವೆ ಅಳೆಯಿರಿ. ಬಳಕೆಯಲ್ಲಿರುವ ಬಹಳಷ್ಟು ಸೆನ್ಸರ್‌ಗಳಲ್ಲಿ 20 ಡಿಗ್ರಿಗೆ 2ರಿಂದ 3 ಕಿಲೋ ಓಮ್, 40ಕ್ಕೆ ಸುಮಾರು 1.2 ಕಿಲೋ ಓಮ್, 60ಕ್ಕೆ 600 ಓಮ್, 80ಕ್ಕೆ 300 ಓಮ್ ಆಸುಪಾಸು, 100ಕ್ಕೆ 200 ಓಮ್‌ಗಿಂತ ತುಸು ಕಡಿಮೆ. ನಿಮ್ಮ ಕಾರಿನ ಅಂಕಿ ಸರ್ವಿಸ್ ಮ್ಯಾನ್ಯುಅಲ್‌ನಲ್ಲಿದ್ದರೆ ಅದನ್ನೇ ಹಿಡಿಯಿರಿ. ಅಂಕಿಗಿಂತ ಮುಖ್ಯ ಇಳಿಯುವ ರೀತಿ. ಬಿಚ್ಚಿದ ಸೆನ್ಸರಿನ ಹಿತ್ತಾಳೆ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ನೋಡುತ್ತಿದ್ದರೆ ಓಮ್ ಸರಾಗವಾಗಿ ಇಳಿಯಬೇಕು. ಎಲ್ಲೋ ನಿಂತು ತಟ್ಟನೆ ಹಾರಿದರೆ ಒಳಗೆ ಬಿರುಕಿದೆ. ಬೋರ್‌ವೆಲ್ ನೀರು ಹಾಕಿದ ಇಂಜಿನ್ನಿನಲ್ಲಿ ತುದಿಯ ಮೇಲೆ ಸುಣ್ಣದ ಬಿಳಿ ಪೊರೆ ಕಟ್ಟಿರುತ್ತದೆ. ಅಂಥ ಸೆನ್ಸರ್ ಸರಿಯಾದ ಅಂಕಿಯನ್ನೇ ತೋರಿಸುತ್ತದೆ, ಆದರೆ ತಡವಾಗಿ.

ಸೆನ್ಸರ್ ಸರಿಯಿದ್ದರೆ ಕನೆಕ್ಟರ್ ಕಡೆ ನೋಡಿ. ಕೀ ಆನ್ ಮಾಡಿ ಡಿಸಿ ವೋಲ್ಟಿನಲ್ಲಿ ಎರಡು ಪಿನ್ ನಡುವೆ ಅಳೆದರೆ 5 ವೋಲ್ಟ್ ಬರಬೇಕು. ಬಾರದಿದ್ದರೆ ವೈರು ಅಥವಾ ಇಸಿಯು. 5 ವೋಲ್ಟ್ ಬಂದರೆ ಆ ಎರಡು ಪಿನ್ನುಗಳನ್ನು ತೆಳು ವೈರಿನಿಂದ ಕ್ಷಣ ಸೇರಿಸಿ, ಫೋನಿನಲ್ಲಿ ಬಿಸಿ 130 ದಾಟಿ ಜಿಗಿಯಬೇಕು. ಜಿಗಿದರೆ ವೈರೂ ಇಸಿಯುವೂ ನಿರ್ದೋಷಿ. ಬ್ಯಾಟರಿಯ 12 ವೋಲ್ಟನ್ನು ಈ ಪಿನ್ನುಗಳಿಗೆ ಯಾವ ಕಾರಣಕ್ಕೂ ಕೊಡಬೇಡಿ, ಇಸಿಯು ಸುಟ್ಟರೆ ಸೆನ್ಸರಿನ ಎಷ್ಟೋ ಪಟ್ಟು ಖರ್ಚು.

ಯಾವಾಗ ಕೈಬಿಡಬೇಕು

ಮೀಟರ್ ಕ್ಲಸ್ಟರ್ ಬಿಚ್ಚುವ ಹಂತ ಬಂದರೆ ಆಟೋ ಎಲೆಕ್ಟ್ರಿಷಿಯನ್ನಿಗೆ ಬಿಡಿ. ಓಡಿದ ಕಿಲೋಮೀಟರ್ ಲೆಕ್ಕ ಅದರಲ್ಲಿರುತ್ತದೆ, ಏರ್‌ಬ್ಯಾಗ್ ವೈರು ಹತ್ತಿರದಲ್ಲೇ ಹಾದುಹೋಗಿರುತ್ತದೆ. ಇಸಿಯು ಮೀಟರ್ ನಡುವಿನ ಡೇಟಾ ಲೈನ್ ದೋಷಕ್ಕೂ ಅಷ್ಟೇ, ಯು ಅಕ್ಷರದಿಂದ ಶುರುವಾಗುವ ಕೋಡುಗಳು ಬಂದರೆ ಸರಿಯಾದ ಸ್ಕ್ಯಾನರ್ ಇರುವವರ ಕೆಲಸ. ಹೆಡ್ ಗ್ಯಾಸ್ಕೆಟ್ ಗುರುತು ಕಂಡರೆ, ತುಂಬಿಸಿದ ಕೂಲೆಂಟ್ ಒಂದೆರಡು ದಿನದಲ್ಲಿ ಮತ್ತೆ ಇಳಿದರೆ, ಕಾದ ಇಂಜಿನ್ ಆಮೇಲೆ ಸ್ಟಾರ್ಟ್ ಆಗಲು ತಿಣುಕಿದರೆ ಓಡಿಸಿಕೊಂಡು ಹೋಗದೆ ಟೋ ಮಾಡಿಸಿ. ಹೈಬ್ರಿಡ್ ಕಾರಿನಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡ ಜಾಗದಲ್ಲಿ ಕೈ ಹಾಕಬೇಡಿ.

ಸೆನ್ಸರ್ ಬದಲಿಸುವಾಗ

ಇಂಜಿನ್ ಪೂರ್ತಿ ತಣ್ಣಗಿರಲಿ. ಕ್ಯಾಪ್ ತೆಗೆದು ಒತ್ತಡ ಬಿಡಿಸಿ, ಕೆಳಗೆ ಟ್ರೇ ಇಡಿ. ಹಲವು ಕಾರುಗಳಲ್ಲಿ 19 ಎಂಎಂ ಆಳದ ಸಾಕೆಟ್ ಹಿಡಿಯುತ್ತದೆ. ಹೊಸದನ್ನು ಕೈಯಲ್ಲೇ ಹಿಡಿದು ಸಿದ್ಧವಾಗಿದ್ದು ಹಳೆಯದನ್ನು ತೆಗೆದೊಡನೆ ಹಾಕಿದರೆ ಅರ್ಧ ಲೋಟಕ್ಕಿಂತ ಹೆಚ್ಚು ಕೂಲೆಂಟ್ ಚೆಲ್ಲುವುದಿಲ್ಲ. ತಾಮ್ರದ ವಾಷರ್ ಅಥವಾ ಓ-ರಿಂಗ್ ಹೊಸದೇ ಇರಲಿ. ಹಿತ್ತಾಳೆ ಮರೆಯನ್ನು ಅಲ್ಯೂಮಿನಿಯಂ ಹೆಡ್ಡಿಗೆ ಬಿಗಿಯುವಾಗ ಬಲ ತೋರಿಸಬೇಡಿ, ಮ್ಯಾನ್ಯುಅಲ್ ಸಿಗದಿದ್ದರೆ 15 ನ್ಯೂಟನ್ ಮೀಟರ್ ಸಾಕು. ಕಾರಿನ ಮಾಡೆಲ್, ವರ್ಷ, ಪೆಟ್ರೋಲೋ ಡೀಸೆಲೋ ಹೇಳಿ ಪಾರ್ಟ್ ನಂಬರ್ ಹೊಂದಿಸಿಯೇ ತನ್ನಿ. ಮರೆ ಕೂತರೂ ಓಮ್ ಲೆಕ್ಕ ಬೇರೆಯಿರುವ ಸೆನ್ಸರ್ ಹಾಕಿದರೆ ಮುಳ್ಳು ಜೀವನಪೂರ್ತಿ ತಪ್ಪೇ ತೋರಿಸುತ್ತದೆ.

ಚೆಲ್ಲಿದಷ್ಟನ್ನು ಕಾರಿಗೆ ಹೇಳಿದ ಕೂಲೆಂಟಿನಿಂದಲೇ ತುಂಬಿ. ಸಾಂದ್ರ ಕೂಲೆಂಟ್ ಆದರೆ ಅಷ್ಟೇ ಪ್ರಮಾಣದ ಡಿಸ್ಟಿಲ್ಡ್ ವಾಟರ್ ಬೆರೆಸಿ. ಕ್ಯಾಪ್ ಹಾಕದೆ, ಹೀಟರ್ ಪೂರ್ತಿ ಬಿಸಿಗಿಟ್ಟು, ತಣ್ಣಗಿನಿಂದಲೇ ಐಡ್ಲಿಂಗಿನಲ್ಲಿ ಬಿಡಿ. ಗುಳ್ಳೆಗಳು ಬಂದು ನಿಂತ ಮೇಲೆ, ಕೂಲೆಂಟ್ ಉಕ್ಕಲು ಶುರುವಾಗುವ ಮೊದಲೇ ಕ್ಯಾಪ್ ಮುಚ್ಚಿ. ಗಾಳಿ ಬಿಡುವ ಬೇರೆ ಸ್ಕ್ರೂ ಇರುವ ಕಾರಾದರೆ ಅದರ ಕ್ರಮ ಅನುಸರಿಸಿ. ಫ್ಯಾನ್ ಒಮ್ಮೆ ಶುರುವಾಗಿ ತಾನಾಗಿ ನಿಲ್ಲುವವರೆಗೆ ಮುಳ್ಳಿನ ಮೇಲೆ ಕಣ್ಣಿಡಿ, ಆಮೇಲಷ್ಟೇ ರಸ್ತೆಗೆ. ಮರುದಿನ ಬೆಳಿಗ್ಗೆ, ತಣ್ಣಗಿರುವಾಗ, ಕೂಲೆಂಟ್ ಮಟ್ಟವನ್ನೂ ಸೆನ್ಸರಿನ ಬುಡದಲ್ಲಿ ಒದ್ದೆಯಿದೆಯೇ ಎಂಬುದನ್ನೂ ಇನ್ನೊಮ್ಮೆ ನೋಡಿ.